ಒಂದು ಮೊಳದ ‘ಮೈಸೂರು’

ಬೆಸಗರಹಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ ಎಂಟು ತಿಂಗಳಿನಿಂದ ಒಂದು ಯುದ್ಧನೌಕೆ ಲಂಗರು ಹಾಕಿದೆ. ಉದ್ದ ಒಂದು ಮೊಳಕ್ಕೆ ಎರಡು ಬೆರಳು ಹೆಚ್ಚು, ಅಗಲ ಮೂರು ಬೆರಳು. ಹೊಲಿಗೆ ಯಂತ್ರದ ಮೇಜೇ ಅದರ ಬಂದರು. ಪತ್ರಿಕೆಯ ಕೆಲಸಕ್ಕೆ ವಾರದ ರಜೆ ಸಿಕ್ಕಿ ಊರಿಗೆ ಹೋದಾಗಲೆಲ್ಲ ನಾನು ಅದರ ಮುಂದೆ ಕೂರುತ್ತೇನೆ. ಚಿಮುಟ ಹಿಡಿದು ಏನನ್ನೋ ಅಂಟಿಸುವುದು, ಅಂಟಿಸಿದ್ದನ್ನು ಕೀಳುವುದು, ಮತ್ತೆ ಅಂಟಿಸುವುದು. ಮೊನ್ನೆ ಅಜ್ಜಿ ಹತ್ತಿರ ಬಂದು ಬಗ್ಗಿ ನೋಡಿದಳು.

“ಇದು ನೀರ್ ಮ್ಯಾಲೆ ತೇಲ್ತದೇನ್ಲಾ ಮಗ?”

“ಇಲ್ಲ ಕಣಜ್ಜಿ.”

“ಮತ್ಯಾಕ್ಲಾ ಇಷ್ಟೊಂದ್ ಒದ್ದಾಟ?”

ಅಜ್ಜಿಯ ಪ್ರಶ್ನೆ ನ್ಯಾಯವಾದದ್ದೇ. ಮದ್ದೂರು ಸೀಮೆಯವರಿಗೆ ಗೊತ್ತಿರುವ ನೀರೆಂದರೆ ಶಿಂಷಾ ನದಿ, ವಿಶ್ವೇಶ್ವರಯ್ಯ ನಾಲೆ ಮತ್ತು ಊರ ಕೆರೆ. ಗೊತ್ತಿರುವ ದೋಣಿಯೆಂದರೆ ಹರಿಗೋಲು. ಕಡಲು ಘಟ್ಟದಾಚೆಯ ಮಾತು. ಅಂಥ ಊರಿನಲ್ಲಿ ಕೂತು ಯುದ್ಧನೌಕೆಯ ಡೆಕ್ಕಿಗೆ ಕೂದಲಿನಷ್ಟು ಸಣ್ಣ ತಂತಿಯ ಏಣಿ ಕೂರಿಸುವುದೆಂದರೆ ನೋಡುವವರಿಗೆ ವಿಚಿತ್ರವೆನಿಸುತ್ತದೆ. ಆದರೆ ಈ ಹಡಗಿನ ಹೆಸರು ‘ಮೈಸೂರು’. ಅದರ ಲಾಂಛನದಲ್ಲಿ ಇದ್ದದ್ದು ನಮ್ಮ ಗಂಡಭೇರುಂಡ. 28 ವರ್ಷ ಭಾರತದ ಕಡಲಿನಲ್ಲಿ ಓಡಾಡಿದ ಆ ಹಡಗು ಇಂದು ಎಲ್ಲಿಯೂ ಇಲ್ಲ. ಒಡೆದು ಗುಜರಿಗೆ ಹಾಕಿ ದಶಕಗಳೇ ಕಳೆದಿವೆ. ನೋಡಬೇಕೆಂದರೆ ಹಳೆಯ ಫೋಟೋಗಳಲ್ಲಿ ನೋಡಬೇಕು, ಇಲ್ಲವೇ ಯಾರಾದರೂ ಕಟ್ಟಿದ ಮಾದರಿಯಲ್ಲಿ ನೋಡಬೇಕು.

ನೈಜೀರಿಯಾ ಮೈಸೂರಾದ ಕಥೆ

ಹಡಗು ಹುಟ್ಟಿದ್ದು ಬೇರೆ ಹೆಸರಿನಲ್ಲಿ. ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿದ್ದ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಕಂಪನಿಯ ಹಡಗುಕಟ್ಟೆಯಲ್ಲಿ 1938ರಲ್ಲಿ ಅದರ ಕೆಲಸ ಆರಂಭವಾಯಿತು. 1939ರ ಜುಲೈನಲ್ಲಿ ನೀರಿಗಿಳಿಯಿತು. 1940ರ ಸೆಪ್ಟೆಂಬರಿನಲ್ಲಿ, ಎರಡನೆಯ ಮಹಾಯುದ್ಧ ಉರಿಯುತ್ತಿದ್ದಾಗ, ಬ್ರಿಟಿಷ್ ನೌಕಾಪಡೆಗೆ ಸೇರಿತು. ಆಗ ಇಟ್ಟ ಹೆಸರು ‘ನೈಜೀರಿಯಾ’. ತಮ್ಮ ವಸಾಹತುಗಳ ಹೆಸರನ್ನು ಒಂದೊಂದು ಹಡಗಿಗೆ ಇಟ್ಟು ಬ್ರಿಟಿಷರು ಕಟ್ಟಿದ ಕ್ರೂಸರ್‌ಗಳ ಸರಣಿ ಅದು. ಫಿಜಿ, ಕೀನ್ಯಾ, ಜಮೈಕಾ, ಮಾರಿಷಸ್, ಗ್ಯಾಂಬಿಯಾ ಇದರ ಒಡಹುಟ್ಟುಗಳು. ಕ್ರೂಸರ್ ಎಂದರೆ ಯುದ್ಧನೌಕೆಗಳಲ್ಲಿ ಮಧ್ಯಮ ಗಾತ್ರದ್ದು. ಬ್ಯಾಟಲ್‌ಶಿಪ್ಪಿನಷ್ಟು ದಪ್ಪ ಉಕ್ಕಿನ ಕವಚ ಅದಕ್ಕಿರುವುದಿಲ್ಲ, ಆದರೆ ಡೆಸ್ಟ್ರಾಯರ್‌ಗಿಂತ ದೊಡ್ಡದು, ಬಹುದೂರ ಒಂಟಿಯಾಗಿ ಸಾಗಬಲ್ಲದು.

ನೈಜೀರಿಯಾದ ಮೈಯಲ್ಲಿ ಗಾಯದ ಗುರುತುಗಳು ಕಡಮೆಯಿರಲಿಲ್ಲ. 1941ರ ಸೆಪ್ಟೆಂಬರಿನಲ್ಲಿ ನಾರ್ವೆಯ ಉತ್ತರದ ಕಡಲಿನಲ್ಲಿ ಜರ್ಮನಿಯ ‘ಬ್ರೆಮ್ಸೆ’ ಎಂಬ ಹಡಗನ್ನು ಮುಳುಗಿಸಿದ ಕಾಳಗದಲ್ಲಿ ಅದರ ಮೂತಿ ಜಜ್ಜಿಹೋಯಿತು. 1942ರ ಆಗಸ್ಟ್ 12ರಂದು ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುತ್ತಿದ್ದ ಹಡಗುಗಳ ಕಾವಲಿಗೆ ಹೋಗಿದ್ದಾಗ ಇಟಲಿಯ ‘ಆಕ್ಸುಂ’ ಜಲಾಂತರ್ಗಾಮಿ ಬಿಟ್ಟ ಟಾರ್ಪೆಡೊ ತಗುಲಿ 52 ಮಂದಿ ಸತ್ತರು. ಹಡಗು ಮುಳುಗಲಿಲ್ಲ. ಜಿಬ್ರಾಲ್ಟರಿಗೆ ಕುಂಟುತ್ತ ಬಂದು, ಅಲ್ಲಿಂದ ಅಮೆರಿಕಕ್ಕೆ ಹೋಗಿ ರಿಪೇರಿಯಾಗಿ ಮತ್ತೆ ಯುದ್ಧಕ್ಕೆ ಮರಳಿತು.

1954ರ ಏಪ್ರಿಲಿನಲ್ಲಿ ಸ್ವತಂತ್ರ ಭಾರತ 3 ಲಕ್ಷ ಪೌಂಡು ಕೊಟ್ಟು ಅದನ್ನು ಕೊಂಡಿತು. ಬರ್ಕನ್‌ಹೆಡ್‌ನ ಕ್ಯಾಮೆಲ್ ಲೈರ್ಡ್ ಹಡಗುಕಟ್ಟೆಯಲ್ಲಿ ಮೂರು ವರ್ಷ ಬಿಚ್ಚಿ ಕಟ್ಟುವ ಕೆಲಸ ನಡೆಯಿತು. 1957ರ ಆಗಸ್ಟ್ 29ರಂದು ಅದು ‘ಐಎನ್‌ಎಸ್ ಮೈಸೂರು’ ಆಗಿ ನಮ್ಮ ನೌಕಾಪಡೆಗೆ ಸೇರಿತು. ಏಕೀಕರಣವಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ರಾಜ್ಯದ ಹೆಸರು ಆಗ ಮೈಸೂರೇ. 1973ರಲ್ಲಿ ರಾಜ್ಯ ಕರ್ನಾಟಕವಾಯಿತು, ಹಡಗು ಮೈಸೂರಾಗಿಯೇ ಉಳಿಯಿತು. 1971ರ ಯುದ್ಧದಲ್ಲಿ ಅದು ಪಶ್ಚಿಮ ನೌಕಾದಳದ ಧ್ವಜನೌಕೆ, ಅಂದರೆ ದಳದ ಅಡ್ಮಿರಲ್ ಇರುವ ಹಡಗು. ರಿಯರ್ ಅಡ್ಮಿರಲ್ ಕುರುವಿಳ ಅವರ ಧ್ವಜ ಹಾರಾಡಿದ್ದು ಅದರ ಮೇಲೆ. 1985ರ ಆಗಸ್ಟಿನಲ್ಲಿ ಸೇವೆಯಿಂದ ನಿವೃತ್ತಿ. ಆಮೇಲೆ ಗುಜರಿ.

ಇಲ್ಲೊಂದು ಹೋಲಿಕೆ ಮನಸ್ಸಿಗೆ ಚುಚ್ಚುತ್ತದೆ. ಇದರ ದೊಡ್ಡಪ್ಪನ ಮಗ ಎನ್ನಬಹುದಾದ ‘ಬೆಲ್‌ಫಾಸ್ಟ್’ ಎಂಬ ಕ್ರೂಸರ್ ಲಂಡನ್ನಿನ ಥೇಮ್ಸ್ ನದಿಯಲ್ಲಿ ಇಂದಿಗೂ ನಿಂತಿದೆ. ಮೈಸೂರು ಯುದ್ಧಕ್ಕೆ ಹೊರಟ 1971ರಲ್ಲೇ ಅದು ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆಯಿತು. ಅದರ ಮಾದರಿ ಕಟ್ಟುವವನಿಗೆ ಸಂಶಯ ಬಂದರೆ ಟಿಕೆಟು ಕೊಂಡು ಡೆಕ್ ಮೇಲೆ ನಡೆದಾಡಿ ಏಣಿಯ ಮೆಟ್ಟಿಲು ಎಣಿಸಬಹುದು. ನಮ್ಮಲ್ಲಿ ‘ವಿಕ್ರಾಂತ್’ ಕೆಲವು ವರ್ಷ ಮುಂಬೈಯಲ್ಲಿ ವಸ್ತುಸಂಗ್ರಹಾಲಯವಾಗಿತ್ತು. 2012ರಲ್ಲಿ ಅದೂ ಮುಚ್ಚಿತು, 2014ರಲ್ಲಿ ಒಡೆಯಲು ಹೋಯಿತು.

ಅಳತೆಯ ಲೆಕ್ಕ

ಮೈಸೂರಿನ ಉದ್ದ 169.3 ಮೀಟರ್, ಅಗಲ 18.9 ಮೀಟರ್. ನಾನು ಆರಿಸಿಕೊಂಡ ಅಳತೆ 350ಕ್ಕೆ ಒಂದು. ನಿಜವಾದ ಹಡಗಿನ 350 ಸೆಂ.ಮೀ. ಮಾದರಿಯಲ್ಲಿ ಒಂದು ಸೆಂ.ಮೀ. ಹೀಗೆ ಉದ್ದ 48.4 ಸೆಂ.ಮೀ. ಆಗುತ್ತದೆ. ಹಡಗುಕಟ್ಟೆಯ ಕಂಪನಿಗಳು ತಮ್ಮ ಗಿರಾಕಿಗಳಿಗೆ ತೋರಿಸಲು ಅಡಿಗೆ ಕಾಲು ಇಂಚಿನಂತೆ, ಅಂದರೆ 48ಕ್ಕೆ ಒಂದರಂತೆ, ಭಾರೀ ಮಾದರಿಗಳನ್ನು ಮಾಡಿಸುತ್ತಿದ್ದವು. ಆ ಅಳತೆಯಲ್ಲಿ ಕಟ್ಟಿದರೆ ಮೈಸೂರು ಹನ್ನೊಂದೂವರೆ ಅಡಿಯಾಗುತ್ತದೆ. ನಮ್ಮ ನಡುಮನೆ ಸಾಲದು. 1971ರಲ್ಲಿ ಜಪಾನಿನ ಷಿಜುಓಕಾದ ಆಟಿಕೆ ಕಂಪನಿಗಳು ಒಟ್ಟು ಸೇರಿ 700ಕ್ಕೆ ಒಂದರ ಪ್ಲಾಸ್ಟಿಕ್ ಹಡಗುಗಳ ಸರಣಿ ಹೊರತಂದವು. ನೀರಿನ ಗೆರೆಯಿಂದ ಮೇಲಿನ ಭಾಗ ಮಾತ್ರ, ಮೇಜಿನ ಮೇಲಿಟ್ಟರೆ ಕಡಲಿನಲ್ಲಿ ನಿಂತಂತೆ. ಅದರಲ್ಲಾದರೆ ಮೈಸೂರು ಒಂದು ಗೇಣು.

350ಕ್ಕೆ ಒಂದು ಎಂದರೆ ಐದೂಮುಕ್ಕಾಲು ಅಡಿಯ ನಾವಿಕ 5 ಮಿ.ಮೀ. ಎತ್ತರ, ಒಂದು ಅಕ್ಕಿಕಾಳಿಗಿಂತ ಚಿಕ್ಕವನು. ಡೆಕ್ಕಿನ ಅಂಚಿನ ಕಟಾಂಜನ 3 ಮಿ.ಮೀ. ನಮ್ಮ ತಲೆಗೂದಲನ್ನು ತಂದಿಟ್ಟರೆ ಅದು ಎರಡೂವರೆ ಸೆಂ.ಮೀ. ದಪ್ಪದ ನೀರಿನ ಪೈಪಿಗೆ ಸಮ. ಒಂದು ಸಲ ಬಳಿದ ಬಣ್ಣದ ಪದರವೇ ಒಂದು ಸೆಂ.ಮೀ. ದಪ್ಪ! ಹೀಗಾಗಿ ಈ ಕೆಲಸದಲ್ಲಿ ಸೇರಿಸುವುದರಷ್ಟೇ ಮುಖ್ಯವಾದದ್ದು ಬಿಡುವುದು. ಎಷ್ಟೋ ಅಗ್ಗದ ಮಾದರಿಗಳಲ್ಲಿ ಒಡಲಿನ ತುಂಬ ರಿವೆಟ್ ಎಂದು ಚುಕ್ಕೆಗಳನ್ನು ಎಬ್ಬಿಸಿರುತ್ತಾರೆ. ಚುಕ್ಕೆ 0.3 ಮಿ.ಮೀ. ಇದ್ದರೂ ಲೆಕ್ಕಕ್ಕೆ ಹತ್ತು ಸೆಂ.ಮೀ. ಆಯಿತು. ಹಡಗಿಗೆ ಸುಲಿದ ತೆಂಗಿನಕಾಯಿ ಬಡಿದಂತೆ ಕಾಣುತ್ತದೆ.

ಮುಂಬೈನ ಬೋರಿವಲಿ ಬಳಿಯ ಏಕ್ಸರ್‌ನಲ್ಲಿ ಕಡಲ ಕಾಳಗವನ್ನು ಕೆತ್ತಿದ ಹಳೆಯ ವೀರಗಲ್ಲುಗಳಿವೆ. ಸಾಲು ಹುಟ್ಟುಗಳ ಹಡಗುಗಳು, ಮೇಲೆ ಆಯುಧ ಹಿಡಿದ ಯೋಧರು. ಶಿಲ್ಪಿಗೆ ಮುಖ್ಯನಾದವನು ವೀರ, ಆದ್ದರಿಂದ ಆಳು ದೊಡ್ಡವನು, ಹಡಗು ಚಿಕ್ಕದು. ಮಾದರಿ ಕಟ್ಟುವವನಿಗೆ ಆ ಸ್ವಾತಂತ್ರ್ಯ ಇಲ್ಲ. ಎಲ್ಲವನ್ನೂ ಒಂದೇ ಭಾಜಕದಿಂದ ಭಾಗಿಸಬೇಕು.

ಒಡಲಿನ ಕೆಲಸ

ಒಡಲಿಗೆ ನಾನು ಕೊಂಡದ್ದು ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆಮರ. ಬಿಳಿಯ ಬಣ್ಣ, ಎಳೆ ಸಣ್ಣ, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಮದ್ದೂರಿನಿಂದ ಬಸ್ಸಿನಲ್ಲಿ ಹೋದರೆ ಹತ್ತಿರವೇ. ಆದರೆ ಅಲ್ಲಿನ ಕಲೆಯೆಲ್ಲ ಲೇತಿನದು. ಮರ ತಿರುಗುತ್ತದೆ, ಉಳಿ ನಿಲ್ಲುತ್ತದೆ, ಆಗುವುದೆಲ್ಲ ಗುಂಡಗೆ. ಹಡಗಿನ ಒಡಲು ಯಾವ ಕಡೆಯಿಂದಲೂ ಗುಂಡಗಿಲ್ಲ. ಅದಕ್ಕೆ ಬೇರೆ ಉಪಾಯವಿದೆ. ಹಡಗನ್ನು ಅಡ್ಡಡ್ಡ ಸೀಳಿದಂತೆ ಊಹಿಸಿ, ಪ್ರತಿ ಪದರದ ಆಕಾರಕ್ಕೆ ಒಂದೊಂದು ತೆಳು ಹಲಗೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಬೇಕು. ಆಗ ಮೆಟ್ಟಿಲು ಮೆಟ್ಟಿಲಾದ ಒಂದು ದಿಮ್ಮಿ ಸಿಗುತ್ತದೆ. ಮೆಟ್ಟಿಲುಗಳ ಮೂಲೆ ಕೆತ್ತಿ, ಉಪ್ಪುಕಾಗದದಲ್ಲಿ ಉಜ್ಜುತ್ತ ಹೋದರೆ ಒಡಲು ಹೊರಬರುತ್ತದೆ. ಅರ್ಧ ಸೆಂ.ಮೀ.ಗೊಂದರಂತೆ ರಟ್ಟಿನ ಅಚ್ಚು ಕತ್ತರಿಸಿಟ್ಟುಕೊಂಡು ಎರಡೂ ಬದಿ ಸಮವಾಗಿದೆಯೇ ಎಂದು ನೋಡುತ್ತಲೇ ಇರಬೇಕು. ನನ್ನ ಮೊದಲ ಒಡಲಿನ ಎಡಗೆನ್ನೆ ಬಲಗೆನ್ನೆಗಿಂತ ಊದಿಕೊಂಡಿತ್ತು. ಅದು ಈಗ ಮನೆಯಲ್ಲಿ ಬಾಗಿಲು ಬಡಿದುಕೊಳ್ಳದಂತೆ ತಡೆಯುವ ಕೆಲಸ ಮಾಡುತ್ತಿದೆ.

ಈ ವರ್ಗದ ಕ್ರೂಸರ್‌ಗಳ ಹಿಂಬದಿ ಚೂಪಾಗಿಲ್ಲ, ಗರಗಸದಲ್ಲಿ ಕತ್ತರಿಸಿದಂತೆ ಚಪ್ಪಟೆ. ಹೊಗೆಕೊಳವೆಗಳು ನೆಟ್ಟಗೆ ನಿಲ್ಲುತ್ತವೆ. ಇವಕ್ಕಿಂತ ಮುಂಚಿನ ‘ಟೌನ್’ ವರ್ಗದ ಹಡಗುಗಳಲ್ಲಿ ಅವು ಹಿಂದಕ್ಕೆ ವಾಲಿದ್ದವು. ಎರಡನೆಯ ಮಹಾಯುದ್ಧದಲ್ಲಿ 1200ಕ್ಕೆ ಒಂದರ ಪುಟ್ಟ ಲೋಹದ ಹಡಗುಗಳನ್ನು ಮೇಜಿನ ಮೇಲಿಟ್ಟು ನಾವಿಕರಿಗೂ ವಿಮಾನ ಚಾಲಕರಿಗೂ ನಮ್ಮದು ಯಾವುದು, ಶತ್ರುವಿನದು ಯಾವುದು ಎಂದು ಕಲಿಸುತ್ತಿದ್ದರು. ಅವರು ನೋಡಿ ಗುರುತಿಸಬೇಕಾಗಿದ್ದದ್ದು ಇಂಥವನ್ನೇ. ಕೊಳವೆ ವಾಲಿದೆಯೇ? ಗೋಪುರಗಳೆಷ್ಟು? ಕಂಬ ಎಂಥದ್ದು? ತಪ್ಪಿದರೆ ಗುಂಡು ಬೀಳುತ್ತಿದ್ದುದು ತಮ್ಮವರ ಮೇಲೆ.

ಒಡಲಿನ ಬದಿಯಲ್ಲಿ ಉಕ್ಕಿನ ಹಾಳೆಗಳು ಒಂದರ ಅಂಚಿನ ಮೇಲೊಂದು ಬಂದು ಕೂಡುವ ಗೆರೆಗಳಿವೆ. ಇದನ್ನು ಕೆರೆದು ಮಾಡಲು ಹೋಗಬಾರದು, ಗಾಯದಂತೆ ಕಾಣುತ್ತದೆ. ಹಾಳೆಯಷ್ಟು ಜಾಗ ಬಿಟ್ಟು ಸುತ್ತ ಟೇಪು ಅಂಟಿಸಿ, ಬೂದು ಪ್ರೈಮರನ್ನು ಎರಡು ಮೂರು ಸಲ ಹೊಡೆದು, ಟೇಪು ಕಿತ್ತರೆ ಬಣ್ಣದ ದಪ್ಪವೇ ಒಂದು ಮೆಟ್ಟಿಲಾಗಿ ಉಳಿಯುತ್ತದೆ. ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಸಂಜೆ ಓರೆ ಬಿಸಿಲು ಬಿದ್ದಾಗ ಮಾತ್ರ ಕಾಣುತ್ತದೆ. ಅಷ್ಟು ಸಾಕು.

ಗುಂಡುಕಿಟಕಿಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ 0.8 ಮಿ.ಮೀ. ಬೈರಿಗೆ ಕಡ್ಡಿ ಒಳ್ಳೆಯದು. ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆ ಕೊರೆಯುವವರು ಬಳಸುವ ಕಡ್ಡಿ ಅದು. ಯಂತ್ರಕ್ಕೆ ಹಾಕಬೇಡಿ, ಬೆರಳುಗಳ ನಡುವೆ ಹಿಡಿದು ತಿರುಗಿಸುವ ಪುಟ್ಟ ಹಿಡಿಗೆ ಸಿಕ್ಕಿಸಿ. ಸಾಲು ಸೊಟ್ಟಗಾಗದಿರಲು ಕಾಗದದ ಪಟ್ಟಿಯ ಮೇಲೆ ಮೊದಲೇ ಅಳತೆ ಗುರುತಿಸಿ ಅಂಟಿಸಿ, ಪ್ರತಿ ಗುರುತಿಗೂ ಸೂಜಿಯ ಮೊನೆ ಚುಚ್ಚಿ, ಅನಂತರ ಕೊರೆಯಬೇಕು. ಒಂದು ತೂತು ಅರ್ಧ ಮಿ.ಮೀ. ಮೇಲೆ ಹೋದರೆ ಇಡೀ ಸಾಲು ಹಲ್ಲು ಮುರಿದಂತೆ ಕಾಣುತ್ತದೆ. ಪ್ರತಿ ಕಿಟಕಿಯ ಮೇಲೂ ಹುಬ್ಬಿನಂಥ ಒಂದು ಸಣ್ಣ ಕಮಾನು ಇರುತ್ತದೆ, ಮೇಲಿನಿಂದ ಇಳಿಯುವ ನೀರು ಕಿಟಕಿಗೆ ನುಗ್ಗದಿರಲು. ನಮ್ಮ ಹೆಂಚಿನ ಮನೆಯ ಕಿಟಕಿಗೆ ಸಜ್ಜಾ ಇದ್ದಂತೆ.

ಮೂರು ಕಾಲು, ನಾಲ್ಕು ಕಾಲು

ಇಲ್ಲಿಯವರೆಗಿನದು ಕೈಕೆಲಸ. ನಾನು ಎಡವಿದ್ದು ಇದರಲ್ಲಲ್ಲ.

ಡೆಕ್ಕಿನ ಕೆಲಸಕ್ಕೆ ನಾನು ಎದುರಿಗಿಟ್ಟುಕೊಂಡದ್ದು ಯುದ್ಧಕಾಲದ ನೈಜೀರಿಯಾದ ಫೋಟೋಗಳನ್ನು. ಅವೇ ಹೆಚ್ಚು ಸಿಗುವುದು, ಸ್ಪಷ್ಟವಾಗಿಯೂ ಇವೆ. ಅವುಗಳಲ್ಲಿ ಮುಂದೆ ಎರಡು, ಹಿಂದೆ ಎರಡು, ಒಟ್ಟು ನಾಲ್ಕು ಫಿರಂಗಿ ಗೋಪುರಗಳು. ಒಂದೊಂದರಲ್ಲಿ ಮೂರು ಮೂರು ನಳಿಗೆ. ಬ್ರಿಟಿಷರು ಇವನ್ನು ಮುಂದಿನಿಂದ ಎ, ಬಿ, ಎಕ್ಸ್, ವೈ ಎಂದು ಕರೆಯುತ್ತಿದ್ದರು. ಮಾಸ್ಟುಗಳು ಮೂರು ಕಾಲಿನವು, ಮುಕ್ಕಾಲಿ ಪೀಠದಂತೆ. ನಡುಭಾಗದ ಎರಡೂ ಬದಿಗೆ ಮೂರು ಮೂರು ಟಾರ್ಪೆಡೊ ಕೊಳವೆಗಳು. ಎಲ್ಲವನ್ನೂ ಮಾಡಿದೆ. 12 ನಳಿಗೆಗೆ 12 ಇಂಜೆಕ್ಷನ್ ಸೂಜಿ. ಈ ಸೂಜಿಯ ಉಪಾಯಕ್ಕೆ ನಾನು ಹೆಮ್ಮೆಪಟ್ಟದ್ದು ಸುಳ್ಳಲ್ಲ. ನಿಜವಾದ ಫಿರಂಗಿಯ ಬಾಯಿ 6 ಇಂಚು, ಅಂದರೆ 152 ಮಿ.ಮೀ. ನಮ್ಮ ಅಳತೆಗೆ 0.43 ಮಿ.ಮೀ. 22 ನಂಬರಿನ ಸೂಜಿಯ ಒಳವ್ಯಾಸ 0.41 ಮಿ.ಮೀ.! ಔಷಧಿ ಅಂಗಡಿಯಲ್ಲಿ ಸಿಗುವ ವಸ್ತುವಿನಲ್ಲಿ ಇಷ್ಟು ಹತ್ತಿರದ ಅಳತೆ ಇನ್ನೆಲ್ಲೂ ಸಿಕ್ಕಿಲ್ಲ. ನಿಜವಾದ ನಳಿಗೆ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಸೂಜಿ ಉದ್ದಕ್ಕೂ ಒಂದೇ ದಪ್ಪ. ಬುಡಕ್ಕೆ ಎರಡು ಸುತ್ತು ತೆಳುಕಾಗದ ಸುತ್ತಿ ಬಣ್ಣ ಬಳಿದರೆ ಕಣ್ಣು ಒಪ್ಪುತ್ತದೆ.

ಎಲ್ಲ ಕೂರಿಸಿ, ಒಡಲಿನ ಬದಿಗೆ ‘60’ ಎಂದು ಅಂಕಿ ಬರೆದು, ಭಾರತದ ಬಾವುಟ ಏರಿಸಿದ ಮೇಲೆ 1957ರ ನಂತರದ ಒಂದು ಫೋಟೋ ಪಕ್ಕಕ್ಕಿಟ್ಟು ನೋಡಿದೆ. ನನ್ನ ಹಡಗು ಮೈಸೂರು ಅಲ್ಲವೇ ಅಲ್ಲ. ಬರ್ಕನ್‌ಹೆಡ್‌ನಲ್ಲಿ ಮೂರು ವರ್ಷ ನಡೆದ ಕೆಲಸದಲ್ಲಿ ಎಕ್ಸ್ ಗೋಪುರವನ್ನು ಪೂರಾ ತೆಗೆದಿದ್ದರು. 12ರ ಬದಲು 9 ನಳಿಗೆ. ಟಾರ್ಪೆಡೊ ಕೊಳವೆಗಳನ್ನೂ ಕಿತ್ತಿದ್ದರು. ಕಪ್ತಾನ ನಿಲ್ಲುವ ಬ್ರಿಜ್ಜನ್ನು ಬದಲಿಸಿದ್ದರು. ಮೂರು ಕಾಲಿನ ಮಾಸ್ಟುಗಳು ಹೋಗಿ, ಹೈಟೆನ್ಷನ್ ವಿದ್ಯುತ್ ಗೋಪುರದಂತೆ ಪಟ್ಟಿಗಳನ್ನು ಅಡ್ಡಡ್ಡ ಹೆಣೆದ ಜಾಲರಿ ಮಾಸ್ಟುಗಳು ಬಂದಿದ್ದವು. ನಾನು ಕಟ್ಟಿದ್ದು ಎಂದೂ ಎಲ್ಲಿಯೂ ಇರದ ಒಂದು ಹಡಗು. ಮೈ 1942ರದು, ಬಾವುಟ 1957ರದು.

ಒಂದು ಏಣಿ ತಪ್ಪಿದರೆ ಏನಾಯಿತು ಎನ್ನಬಹುದು. ಹಡಗು ಎದುರಿಗಿದ್ದರೆ ನಿಜಕ್ಕೂ ಏನೂ ಆಗುವುದಿಲ್ಲ, ನೋಡಿದವರು ತಿದ್ದುತ್ತಾರೆ. ಹಡಗೇ ಇಲ್ಲದಿದ್ದಾಗ ಮಾದರಿಯೇ ಸಾಕ್ಷಿಯಾಗುತ್ತದೆ. ನಾಳೆ ಮದ್ದೂರಿನ ಯಾವುದೋ ಶಾಲೆಯ ಮಕ್ಕಳು ಇದನ್ನು ನೋಡಿ ‘1971ರಲ್ಲಿ ಮೈಸೂರಿಗೆ 12 ಫಿರಂಗಿ ಇದ್ದವು’ ಎಂದು ಬರೆದುಕೊಂಡರೆ ಆ ಸುಳ್ಳು ನನ್ನದು. ಆದ್ದರಿಂದ ಮಾದರಿ ಕಟ್ಟುವವರು ಮೊದಲು ಕೇಳಿಕೊಳ್ಳಬೇಕಾದ್ದು ಯಾವ ಹಡಗು ಎಂದಲ್ಲ, ಯಾವ ವರ್ಷದ ಹಡಗು ಎಂದು. ಹಡಗು ಉಕ್ಕಿನದಾದರೂ ಊರಿನ ಹಾಗೆ. ಪ್ರತಿ ರಿಪೇರಿಯಲ್ಲೂ ಏನೋ ಸೇರುತ್ತದೆ, ಏನೋ ಹೋಗುತ್ತದೆ. ಯುದ್ಧದಲ್ಲಿ ರೇಡಾರ್ ಬಂತು, ವಿಮಾನ ಹೊಡೆಯುವ ಸಣ್ಣ ಫಿರಂಗಿಗಳು ಬಂದವು. ನೀರು ನುಗ್ಗುವ ಭಯಕ್ಕೆ ಕೆಳಸಾಲಿನ ಕಿಟಕಿಗಳನ್ನು ತಗಡಿನಿಂದ ಮುಚ್ಚುವುದೂ ಆಗಿನ ಬ್ರಿಟಿಷ್ ಹಡಗುಗಳಲ್ಲಿ ರೂಢಿಯಾಗಿತ್ತು. ಜರ್ಮನರ ಆಯಸ್ಕಾಂತದ ಸಿಡಿಗುಂಡುಗಳಿಂದ ತಪ್ಪಿಸಿಕೊಳ್ಳಲು ಒಡಲಿನ ಸುತ್ತ ಹೊರಮೈಯಲ್ಲಿ ವಿದ್ಯುತ್ ಕೇಬಲ್ ಸುತ್ತಿದ್ದರು. ಮುಂದೆ ಬಂದ ಹಡಗುಗಳಲ್ಲಿ ಆ ಕೇಬಲ್ ಒಳಗೆ ಹೋಯಿತು. ಬಲ್ಲವರು ಡೆಕ್ಕನ್ನೂ ಒಡಲನ್ನೂ ನೋಡಿಯೇ ಇಸವಿ ಹೇಳುತ್ತಾರೆ, ನಮ್ಮಲ್ಲಿ ಕಂಬ ನೋಡಿ ಗುಡಿ ಯಾರ ಕಾಲದ್ದೆಂದು ಹೇಳುವವರಂತೆ.

ಕಾರವಾರದ ಸಾಕ್ಷಿ

ಈ ಮಾತಿಗೆ ಕರ್ನಾಟಕದಲ್ಲೇ ಒಂದು ನಿದರ್ಶನವಿದೆ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ‘ಚಪಲ್’ ಎಂಬ ಕ್ಷಿಪಣಿ ನೌಕೆಯನ್ನು 2006ರಿಂದ ವಸ್ತುಸಂಗ್ರಹಾಲಯವಾಗಿ ನಿಲ್ಲಿಸಲಾಗಿದೆ. ‘ಚಾಪೆಲ್’ ಎಂದೂ ಬರೆಯುವುದುಂಟು. ಉದ್ದ 38.6 ಮೀಟರ್, ರಷ್ಯಾದಲ್ಲಿ ಕಟ್ಟಿದ್ದು. ಪ್ರವಾಸಕ್ಕೆ ಹೋದವರ ಬಾಯಲ್ಲಿ ‘ಇದು 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ ಹಡಗು’ ಎಂಬ ಮಾತು ಆಗಾಗ ಕೇಳಿಬರುತ್ತದೆ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋಗಿ ಕ್ಷಿಪಣಿ ಹಾರಿಸಿದ ನೌಕೆಗಳು ‘ನಿಪಾತ್’, ‘ನಿರ್ಘಾತ್’ ಮತ್ತು ‘ವೀರ್’. ಚಪಲ್ ನಮ್ಮ ನೌಕಾಪಡೆಗೆ ಸೇರಿದ್ದೇ 1976ರಲ್ಲಿ.

ಪುಸ್ತಕ ನೋಡದೆಯೂ ಇದನ್ನು ಕಂಡುಹಿಡಿಯಬಹುದು, ಡೆಕ್ ನೋಡಿದರೆ ಸಾಕು. 1971ರಲ್ಲಿದ್ದ ಮೊದಲ ಮಾದರಿಯ ನೌಕೆಗಳಲ್ಲಿ ಕ್ಷಿಪಣಿ ಇಡುವ ಗೂಡುಗಳು ಪೆಟ್ಟಿಗೆಯಂತೆ ಮೂಲೆಗಳಿರುವಂಥವು. ಆ ಕ್ಷಿಪಣಿಯ ರೆಕ್ಕೆ ಮಡಚುವಂತಿರಲಿಲ್ಲ, ಅಗಲ ಜಾಗ ಬೇಕಿತ್ತು. ರೆಕ್ಕೆ ಮಡಚುವ ಕ್ಷಿಪಣಿ ಬಂದ ಮೇಲೆ ಎರಡನೆಯ ಮಾದರಿಯ ನೌಕೆಗಳಲ್ಲಿ ಗೂಡು ಗುಂಡಗಾಯಿತು, ಪೀಪಾಯಿಯಂತೆ. ಚಪಲ್ ಆ ಎರಡನೆಯ ಮಾದರಿಯದು. ನನ್ನ ಕೇಳಿದರೆ ಮೊದಲ ಸಲ ಮಾದರಿ ಕಟ್ಟುವವರು ಚಪಲ್‌ನಿಂದಲೇ ಶುರು ಮಾಡುವುದು ಒಳ್ಳೆಯದು. 72ಕ್ಕೆ ಒಂದರ ಅಳತೆಯಲ್ಲಿ ಒಂದು ಮುಕ್ಕಾಲು ಅಡಿ ಆಗುತ್ತದೆ. ಸಂಶಯ ಬಂದರೆ ಬಸ್ಸು ಹತ್ತಿ ಹೋಗಿ ನೋಡಿಬರಬಹುದು. ಮೈಸೂರು ಕಟ್ಟಹೊರಟವನಿಗೆ ಆ ಭಾಗ್ಯವಿಲ್ಲ.

ತಾಮ್ರ, ಹಿತ್ತಾಳೆ, ರೇಷ್ಮೆ

ಕೀಳುವ ಕೆಲಸ ಒಂದೇ ಸಂಜೆಗೆ ಮುಗಿಯಿತು. ಎಕ್ಸ್ ಗೋಪುರ ಬ್ಲೇಡಿನ ಒಂದೇ ಮೀಟಿಗೆ ಬಂತು. ಜಾಲರಿ ಮಾಸ್ಟು ಕಟ್ಟಲು ಮಾತ್ರ ಎರಡು ತಿಂಗಳು ಹಿಡಿಯಿತು.

ಅದಕ್ಕೆ ಬೇಕಾದ ತಂತಿ ಸಿಕ್ಕಿದ್ದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ. ವೋಲ್ಟೇಜ್ ಏರುಪೇರಾದಾಗಲೆಲ್ಲ ಪಂಪ್‌ಸೆಟ್ ಸುಡುವ ನಮ್ಮ ಕಡೆ ಇಂಥ ಅಂಗಡಿಗಳಿಗೆ ಬರವಿಲ್ಲ. ಸುಟ್ಟ ಮೋಟಾರಿನಿಂದ ಬಿಚ್ಚಿದ ದಪ್ಪ ತಾಮ್ರದ ತಂತಿ ಮಾಸ್ಟಿನ ಕಾಲುಗಳಿಗೆ ಸರಿ. ಸೀಲಿಂಗ್ ಫ್ಯಾನಿನೊಳಗಿನ ಸಣ್ಣ ತಂತಿ 0.2 ಮಿ.ಮೀ. ಆಸುಪಾಸಿನದು, ನಮ್ಮ ಅಳತೆಗೆ 7 ಸೆಂ.ಮೀ. ದಪ್ಪದ ಅಡ್ಡಪಟ್ಟಿಯಾಗುತ್ತದೆ. ತಂತಿಯನ್ನು ಎರಡು ತುದಿಯಲ್ಲಿ ಇಕ್ಕಳದಿಂದ ಹಿಡಿದು ಮೆಲ್ಲಗೆ ಎಳೆದರೆ ನೆಟ್ಟಗಾಗುತ್ತದೆ. ಮೇಲಿನ ವಾರ್ನಿಷ್ ಕೆರೆಯದೆ ಬೆಸುಗೆ ಹಿಡಿಯುವುದಿಲ್ಲ. ಹಲಗೆಯ ಮೇಲೆ ಮಾಸ್ಟಿನ ಒಂದು ಮುಖದ ನಕ್ಷೆ ಅಂಟಿಸಿ, ಅದರ ಮೇಲೆ ತಂತಿ ಜೋಡಿಸಿ ಬೆಸೆದು, ಅಂಥ ಮುಖಗಳನ್ನು ಒಟ್ಟುಗೂಡಿಸಬೇಕು. ನಾಲ್ಕನೆಯ ಮುಖ ಬೆಸೆಯುವಾಗ ಮೊದಲನೆಯದು ಕಾದು ಬಿಟ್ಟುಕೊಳ್ಳುತ್ತದೆ. ಒದ್ದೆ ಬಟ್ಟೆಯ ಚೂರನ್ನು ಅದರ ಮೇಲೆ ಹೊದಿಸಿಟ್ಟರೆ ಬಿಡುವುದಿಲ್ಲ ಎಂದು ಹೇಳಿಕೊಟ್ಟವರು ವೈಂಡಿಂಗ್ ಅಂಗಡಿಯಲ್ಲಿ ಕೂತಿದ್ದ ಹಿರಿಯರು. ಅವರು ಹಡಗು ನೋಡಿದವರಲ್ಲ.

ಕಟಾಂಜನದ ಕಥೆ ಪತ್ರಿಕೆಯವರಿಗೆ ಹತ್ತಿರವಾದದ್ದು. ಮೂರು ಸಾಲು ಸರಿಗೆ, ನಡುನಡುವೆ ಕಂಬಿ, ಇಷ್ಟನ್ನೂ 3 ಮಿ.ಮೀ. ಎತ್ತರದಲ್ಲಿ ಕೈಯಿಂದ ಬೆಸೆಯಲು ಸಾಧ್ಯವಿಲ್ಲ. ಆದ್ದರಿಂದ ತೆಳುವಾದ ಹಿತ್ತಾಳೆ ತಗಡಿನಲ್ಲಿ ಇದನ್ನು ಆಸಿಡ್ಡಿನಿಂದ ಕೊರೆದು ಮಾಡುತ್ತಾರೆ. ತಗಡಿನ ಮೇಲೆ ಬೆಳಕಿಗೆ ಗಟ್ಟಿಯಾಗುವ ಒಂದು ಲೇಪ ಬಳಿದು, ಅದರ ಮೇಲೆ ಫೋಟೋ ನೆಗೆಟಿವ್ ಇಟ್ಟು ಬೆಳಕು ಹಾಯಿಸುತ್ತಾರೆ. ಬೆಳಕು ಬಿದ್ದಲ್ಲಿ ಲೇಪ ಗಟ್ಟಿಯಾಗಿ ಉಳಿಯುತ್ತದೆ, ಬೀಳದ ಕಡೆ ತೊಳೆದುಹೋಗುತ್ತದೆ. ಆಮೇಲೆ ದ್ರಾವಣದಲ್ಲಿ ಅದ್ದಿದರೆ ಬೆತ್ತಲಾದ ಲೋಹವನ್ನು ಅದು ತಿಂದುಹಾಕುತ್ತದೆ. ಉಳಿದದ್ದು ಕಟಾಂಜನ. ಅಚ್ಚುಮೊಳೆ ಜೋಡಿಸಿ ಪತ್ರಿಕೆ ಮುದ್ರಿಸುತ್ತಿದ್ದ ಕಾಲದಲ್ಲಿ ಫೋಟೋಗಳಿಗೆ ಸತುವಿನ ‘ಬ್ಲಾಕ್’ ಮಾಡುತ್ತಿದ್ದದ್ದು ಇದೇ ಬಗೆಯಲ್ಲಿ. ಅಲ್ಲಿ ಸತು ಮತ್ತು ನೈಟ್ರಿಕ್ ಆಸಿಡ್, ಇಲ್ಲಿ ಹಿತ್ತಾಳೆ ಮತ್ತು ಫೆರಿಕ್ ಕ್ಲೋರೈಡ್. ಬ್ಲಾಕ್ ಮಾಡುವವರ ವೃತ್ತಿ ಆಫ್‌ಸೆಟ್ ಬಂದು ಮುಳುಗಿತು. ಅವರ ವಿದ್ಯೆ ಹಡಗಿನ ಡೆಕ್ಕಿನ ಮೇಲೆ ತೇಲುತ್ತಿದೆ.

ಕಟಾಂಜನ ಅಂಟಿಸುವಾಗ ಫೆವಿಕ್ವಿಕ್ ಬಾಟಲಿಯಿಂದ ನೇರ ಹಾಕಿದರೆ ಕೆಲಸ ಕೆಟ್ಟಿತೆಂದೇ ಅರ್ಥ. ಸೂಜಿಯ ಮೊನೆಗೆ ಒಂದು ಬಿಂದು ತಗುಲಿಸಿಕೊಂಡು, ಒಂದು ಕಂಬಿಯ ಬುಡಕ್ಕೆ ಮುಟ್ಟಿಸಿ, ಅದು ಹಿಡಿದ ಮೇಲೆ ಮುಂದಿನದು. ಲಂಗರಿನ ಸರಪಳಿಗೆ ಜಾತ್ರೆಯಲ್ಲಿ ಸಿಗುವ ರೋಲ್ಡ್ ಗೋಲ್ಡ್ ಸರ ಆಗಬಹುದು, ಆದರೆ ಕೊಂಡಿ ಒಂದು ಮಿ.ಮೀ. ಮೀರಬಾರದು.

ಬಣ್ಣದ ವಿಷಯದಲ್ಲಿ ಒಂದು ಮಾತು. ಮಾದರಿ ಕಟ್ಟುವವರಿಗೆ ತುಕ್ಕು ಬಳಿಯುವ ಚಪಲ ಬಹಳ. ಒಡಲಿನಿಂದ ಕಂದು ಗೆರೆಗಳು ಇಳಿದಿದ್ದರೆ ‘ನಿಜ’ ಎನಿಸುತ್ತದೆಂದು ನಂಬಿಕೆ. ಧ್ವಜನೌಕೆಯಲ್ಲಿ ದಿನ ಬೆಳಗಾದರೆ ನಾವಿಕರ ಕೈಗೆ ಬಣ್ಣದ ಬ್ರಷ್ಷು ಬರುತ್ತದೆ, ಅಡ್ಮಿರಲ್ ಕಣ್ಣಿಗೆ ತುಕ್ಕು ಬೀಳಬಾರದು. ಆದ್ದರಿಂದ ನನ್ನ ಮೈಸೂರಿಗೆ ತುಕ್ಕಿಲ್ಲ. ಬೂದುಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸಿದ್ದೇನೆ, ಅಷ್ಟೆ. ದೂರದಿಂದ ನೋಡಿದ ದೊಡ್ಡ ವಸ್ತುವಿನ ಬಣ್ಣ ಮಸುಕಾಗಿ ಕಾಣುತ್ತದೆ. ಒಂದು ಮೊಳದ ಹಡಗನ್ನು ಒಂದು ಗಜ ದೂರದಿಂದ ನೋಡುವುದೆಂದರೆ ನಿಜವಾದದ್ದನ್ನು 300 ಮೀಟರಿಗೂ ಹೆಚ್ಚು ದೂರದಿಂದ ನೋಡಿದಂತೆ.

60 ಎಂಬ ಅಂಕಿ ಮಾತ್ರ ಹಾಗೇ ಉಳಿಯಿತು. ಅದು ಗುಜರಿಗೆ ಹೋಗಲಿಲ್ಲ. ಮುಂಬೈಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿ 1999ರ ಜೂನ್ 2ರಂದು ಸೇವೆಗೆ ಸೇರಿದ ಡೆಸ್ಟ್ರಾಯರ್‌ಗೆ ಮತ್ತೆ ‘ಮೈಸೂರು’ ಎಂದೇ ಹೆಸರಿಟ್ಟು, ಅದೇ 60ನ್ನು ಕೊಟ್ಟರು. ಹೊಸ ಮೈಸೂರು 163 ಮೀಟರ್, ಹಳೆಯದಕ್ಕಿಂತ ಆರು ಮೀಟರ್ ಮೋಟು. ಮುಂದೆ ಒಂದೇ ಫಿರಂಗಿ, ಹಿಂದೆ ಹೆಲಿಕಾಪ್ಟರ್ ಇಳಿಯುವ ಬಯಲು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೆಸರು ಬಿಟ್ಟು ಇನ್ನೇನೂ ಹೋಲುವುದಿಲ್ಲ.

ಕೊನೆಗೆ ಉಳಿದದ್ದು ಮಾಸ್ಟಿನಿಂದ ಮಾಸ್ಟಿಗೆ ಹೋಗುವ ಏರಿಯಲ್ ತಂತಿಗಳು, ಬಾವುಟದ ಹಗ್ಗಗಳು. ಹೆಚ್ಚಿನವರು ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು, ಮೆತ್ತಗಾದಾಗ ಎಳೆದು ದಾರ ಮಾಡುತ್ತಾರೆ. ಚೆನ್ನಾಗಿಯೇ ಇರುತ್ತದೆ, ಆದರೆ ಕೈ ತಗುಲಿದರೆ ಮುರಿಯುತ್ತದೆ. ನಾನು ಒಂದು ರವಿವಾರವೆಲ್ಲ ಹಾಗೆ ಎಳೆದು ಮುರಿಯುತ್ತ ಕೂತಿದ್ದನ್ನು ನೋಡಿದ ಅಜ್ಜಿ ಎದ್ದು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಹಳೆಯ ರೇಷ್ಮೆ ನೂಲಿನ ಒಂದು ಲಡಿ. ನಮ್ಮ ಮನೆಯಲ್ಲಿ ಹುಳು ಸಾಕುತ್ತಿದ್ದ ಕಾಲದ್ದು. ಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಹೋದಾಗ ಅಲ್ಲಿನ ರೀಲರ್ ಒಬ್ಬರು ಕೊಟ್ಟದ್ದಂತೆ.

ಕಚ್ಚಾ ರೇಷ್ಮೆಯ ಎಳೆ ಸುಮಾರು 0.05 ಮಿ.ಮೀ. 350ರಿಂದ ಗುಣಿಸಿದರೆ ಪೌಣೆ ಎರಡು ಸೆಂ.ಮೀ., ಹಡಗಿನ ಹಗ್ಗಕ್ಕೆ ಸರಿಯಾದ ದಪ್ಪ. ಒಂದೇ ತೊಂದರೆಯೆಂದರೆ ಮಳೆಗಾಲದ ತೇವಕ್ಕೆ ಸಡಿಲವಾಗುತ್ತದೆ, ನವಿರು ಏಳುತ್ತದೆ. ಮೇಣದ ಮೇಲೆ ಒಂದು ಸಲ ಎಳೆದರೆ ನವಿರು ಕೂರುತ್ತದೆ. ಮುಂದಿನ ಮಾಸ್ಟಿನ ನಾಲ್ಕು ಎಳೆ ಕಟ್ಟಿ ಆಗಿದೆ. ಹಿಂದಿನದರ ಅಡ್ಡಪಟ್ಟಿಯ ಕಿಂಡಿಯಲ್ಲಿ ಎಳೆ ತೂರಿಸಲು ನನ್ನ ಕೈ ನಡುಗುತ್ತದೆ.

“ಇಲ್ ಕೊಡ್ಲಾ” ಎಂದು ಅಜ್ಜಿ ಕನ್ನಡಕ ಮೇಲಕ್ಕೇರಿಸಿ, ಎಳೆಯ ತುದಿಯನ್ನು ನಾಲಗೆಗೆ ಸೋಕಿಸಿ ಹೊಸೆದು, ಒಂದೇ ಸಲಕ್ಕೆ ತೂರಿಸಿದಳು. ಆಮೇಲೆ ಡಬ್ಬಿಯಲ್ಲಿ ಉಳಿದಿದ್ದ ಮೂರು ಇಂಜೆಕ್ಷನ್ ಸೂಜಿ ತೋರಿಸಿ, ಇವ್ಯಾಕೆ ಹಾಕಲಿಲ್ಲ ಎಂದು ಕೇಳಿದಳು. ಬರ್ಕನ್‌ಹೆಡ್ ಕಥೆಯನ್ನು ನಾನು ಮೊದಲಿನಿಂದ ಹೇಳಬೇಕಾಯಿತು.